ಪಾಸ್‌ವರ್ಡ್ ಒಡೆದ ಹುಡುಗಿ

ಅಂದು ತರಗತಿಯ ಬಾಗಿಲಲ್ಲಿ ನಿಂತು ನಾನು ಏನು ಹೇಳಿದೆ, ಅಥವಾ ಏನನ್ನಾದರೂ ಹೇಳಿದೆನೋ ಇಲ್ಲವೋ, ನನಗೆ ನೆನಪಿಲ್ಲ. ಎರಡು ವರ್ಷದ ಹಿಂದಿನ ಮಾತು. ನಮ್ಮ ಎಂ.ಎ. ಎರಡನೇ ಸೆಮಿಸ್ಟರಿನ ಆಂತರಿಕ ಪರೀಕ್ಷೆಯ ಹಿಂದಿನ ದಿನ. ಕರೆಂಟು ಹೋಗಿ ಬಂದಿತ್ತು. ಆಫೀಸಿನಿಂದ ನನಗೆ ಕರೆ ಬಂದಿತ್ತು. ನಾನು ಎದ್ದು ಹೊರಟಿದ್ದೆ. ಇಷ್ಟು ಖಚಿತ. ಬಾಗಿಲ ಹತ್ತಿರ ಒಂದು ಕ್ಷಣ ನಿಂತೆ ಎಂದು ಒಮ್ಮೆ ಅನ್ನಿಸುತ್ತದೆ, ನಿಲ್ಲಲೇ ಇಲ್ಲ ಎಂದು ಇನ್ನೊಮ್ಮೆ. ಆ ಕ್ಷಣದ ಮೇಲೆ ಒಬ್ಬ ಹುಡುಗಿಯ ಓದು ನಿಂತಿದೆ ಎಂದು ಗೊತ್ತಿದ್ದರೆ ಕೈ ಮೇಲಾದರೂ ಬರೆದುಕೊಂಡಿರುತ್ತಿದ್ದೆ.

ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನೆನಪನ್ನು ನಂಬಬೇಡಿ ಎಂದು ಪ್ರತಿ ವರ್ಷ ಮೊದಲನೇ ತರಗತಿಯಲ್ಲೇ ಹೇಳುವವನು ನಾನು. ಹತ್ತು ಜನರನ್ನು ಒಂದೇ ಘಟನೆಯ ಬಗ್ಗೆ ಕೇಳಿದರೆ ಹತ್ತು ಘಟನೆ ಸಿಗುತ್ತವೆ, ಆದ್ದರಿಂದ ಬರೆದಿಡಿ, ದಾಖಲೆ ಇಡಿ ಎನ್ನುತ್ತೇನೆ. ಕಾಲೇಜಿಗೆ ಹೊಸ ತರಗತಿ ಕೋಣೆ ಮಂಜೂರಾದಾಗ ಅದು ಹೇಗಿರಬೇಕು ಎಂದು ಯೋಚಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಈ ಹುಚ್ಚಿನಿಂದಲೇ ಇರಬೇಕು.

ಹಳೆಯ ಕೋಣೆಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ ಬೆಂಚುಗಳಿದ್ದವು. ಮುಂದೆ ಎತ್ತರದ ಕಟ್ಟೆ, ಅದರ ಮೇಲೆ ಮೇಷ್ಟ್ರು. ಹಿಂದಿನ ಬೆಂಚಿನವರಿಗೆ ಮೇಷ್ಟ್ರ ಮಾತು ಕೇಳುತ್ತಿರಲಿಲ್ಲ, ಹಿಂದಿನ ಬೆಂಚಿನವರ ಮಾತು ಯಾರಿಗೂ ಬೇಕಿರಲಿಲ್ಲ. ಹೊಸ ಕೋಣೆಯಲ್ಲಿ ನಾನು ಕಟ್ಟೆಯನ್ನೇ ತೆಗೆಸಿದೆ. ಗಾಲಿ ಇರುವ ಆರು ಟೇಬಲ್ಲು ಮಾಡಿಸಿದೆ. ಬೇಕಾದಂತೆ ತಳ್ಳಿಕೊಂಡು ಗುಂಪಾಗಿ, ದುಂಡಗೆ ಕೂರಬಹುದು. ಗೋಡೆಗೊಂದು ದೊಡ್ಡ ಡಿಜಿಟಲ್ ಬೋರ್ಡು, ಅದನ್ನು ನಡೆಸುವ ಕಂಪ್ಯೂಟರು ಒಂದು ಟೇಬಲ್ಲಿನ ಮೇಲೆ. ಸೂರಿಗೆ ಒಂದು ಮೈಕು. ಅದು ಬ್ಯಾಟರಿಯ ಮೇಲೆ ನಡೆಯುತ್ತದೆ, ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ಹಿಡಿದು ತಾನೇ ಕನ್ನಡ ಅಕ್ಷರಕ್ಕೆ ಇಳಿಸುತ್ತದೆ, ದನಿ ಗುರುತಿಸಿ ಮಾತಾಡಿದವರ ಹೆಸರನ್ನೂ ಹಾಕುತ್ತದೆ. ಬಸ್ಸು ತಪ್ಪಿ ಬರದವರು ಆಮೇಲೆ ಓದಿಕೊಳ್ಳಲಿ ಎಂಬುದು ನನ್ನ ಆಸೆ.

ಮೊದಲ ವಾರ ಹುಡುಗರು ಟೇಬಲ್ಲುಗಳನ್ನು ತಳ್ಳಿ ತಳ್ಳಿ ಮತ್ತೆ ಸಾಲಾಗಿಯೇ ಜೋಡಿಸಿದರು. ಪಡುವಣ ಕಿಟಕಿಯ ಬಿಸಿಲು ಮಧ್ಯಾಹ್ನದ ಮೇಲೆ ನೇರ ಬೋರ್ಡಿಗೆ ಬಿದ್ದು ಏನೂ ಕಾಣುತ್ತಿರಲಿಲ್ಲ. ಪರದೆ ಹಾಕಿಸಿದರೆ ಸೆಕೆ. ಆದರೂ ನಿಧಾನಕ್ಕೆ ಕೋಣೆ ಕೆಲಸ ಮಾಡತೊಡಗಿತು. ಕೊನೆಯ ಬೆಂಚು ಎನ್ನುವುದೇ ಇಲ್ಲವಾದ್ದರಿಂದ ಕೊನೆಯ ಬೆಂಚಿನವರೂ ಇಲ್ಲವಾದರು.

ಹಾಗೆ ಬಾಯಿ ಬಿಟ್ಟವರಲ್ಲಿ ಸೌಭಾಗ್ಯ ಮೊದಲನೆಯವಳು. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನವಳು, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮೊದಲ ಸೆಮಿಸ್ಟರಿನಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಹೊಸ ಕೋಣೆಗೆ ಬಂದ ಮೇಲೆ ವಾದಕ್ಕೇ ನಿಂತಳು, ಅದೂ ಅಪ್ಪಟ ತನ್ನ ಊರಿನ ಮಾತಿನಲ್ಲಿ. ಅರಿಶಿನ ಬೇಯಿಸುವ ಹೆಂಗಸರ ಕೆಲಸದ ಬಗ್ಗೆ ಸೆಮಿನಾರ್ ಮಾಡುತ್ತೇನೆ ಎಂದು ಅವಳೇ ಕೇಳಿಕೊಂಡಳು. ಅವಳವ್ವನೂ ಅದೇ ಕೆಲಸಕ್ಕೆ ಹೋಗುವವಳು.

ಆ ಸೆಮಿನಾರಿನ ದಿನವೇ ಕರೆಂಟು ಹೋದದ್ದು. ಬಂದಾಗ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತಾ ನಿಂತಿತು. ಅಷ್ಟರಲ್ಲಿ ಆಫೀಸಿನವರು ಕರೆದರು ಎಂದು ನಾನು ಹೋದೆ. ಕಾಲು ಗಂಟೆ ಬಿಟ್ಟು ಬಂದೆ. ಸೌಭಾಗ್ಯಳ ಚಿತ್ರಗಳು ಬೋರ್ಡಿನ ಮೇಲೆ ಇದ್ದವು, ಅವಳು ತಯಾರಾಗಿ ನಿಂತಿದ್ದಳು. ಸೆಮಿನಾರು ಚೆನ್ನಾಗಿ ಆಯಿತು. ಮಾರನೆಯ ದಿನದ ಪರೀಕ್ಷೆಯಲ್ಲಿ ತರಗತಿಗೆಲ್ಲ ಹೆಚ್ಚು ಅಂಕ ಅವಳಿಗೇ ಬಂತು. ಕಂಪ್ಯೂಟರು ಹೇಗೆ ತೆರೆದುಕೊಂಡಿತು ಎಂದು ನಾನು ಕೇಳಲೇ ಇಲ್ಲ. ಅದು ನನಗೆ ಹೊಳೆಯಲೂ ಇಲ್ಲ.

ಎರಡು ವಾರದ ಮೇಲೆ ನಮ್ಮ ಕೋಣೆ ನೋಡಲು ಧಾರವಾಡದ ಕಡೆಯ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದರು. ನಮ್ಮ ಪ್ರಿನ್ಸಿಪಾಲರು ಕರಾವಳಿಯವರು, ಶಿಸ್ತಿನ ಹೆಂಗಸು. ಮೈಕು ಮಾಡಿದ ಬರಹ ಹೇಗಿದೆ ನೋಡಿ ಎಂದು ಹೆಮ್ಮೆಯಿಂದ ಕೆಲವು ಹಾಳೆ ಪ್ರಿಂಟ್ ತೆಗೆಸಿ ಅವರ ಮುಂದೆ ಇಟ್ಟರು. ಪ್ರಾಧ್ಯಾಪಕರು ಓದುತ್ತಾ ಓದುತ್ತಾ ಒಂದು ಕಡೆ ಬೆರಳಿಟ್ಟರು.

"ಇದೇನ್ರೀ ಮೇಡಮ್?"

ಅಲ್ಲಿ ಹೀಗಿತ್ತು: "ಪಾಸ್‌ವರ್ಡ್ ಒಡೆದೆ ಕಣಮ್ಮ, ಓಪನ್ ಆಗಿಬಿಟ್ಟಿತು. ಎಲ್ಲ ಸಿಕ್ಕಿತು." ಪಕ್ಕದಲ್ಲಿ ಮಾತಾಡಿದವರ ಹೆಸರು, ಸೌಭಾಗ್ಯ. ಗೆಳತಿ ನಾಗರತ್ನಳಿಗೆ ಹೇಳಿದ್ದು. ಸಮಯವೂ ಇತ್ತು. ಆ ಸಮಯಕ್ಕೆ ನಾನು ಆಫೀಸಿನಲ್ಲಿ ಸಹಿ ಹಾಕುತ್ತಿದ್ದೆ. ಆ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಖಾತೆ ಇತ್ತು, ಅದರೊಳಗೆ ಮಾರನೆಯ ದಿನದ ಪ್ರಶ್ನೆಪತ್ರಿಕೆ ಇತ್ತು.

ಪ್ರಿನ್ಸಿಪಾಲರು ಹಾಳೆಯನ್ನು ಕೈಗೆತ್ತಿಕೊಂಡು ಸೌಭಾಗ್ಯಳನ್ನು ಕರೆಸಿದರು. ಅಲ್ಲೇ, ಆ ಪ್ರಾಧ್ಯಾಪಕರನ್ನೂ ಕೂರಿಸಿಕೊಂಡು ವಿಚಾರಣೆ ಇಟ್ಟರು. ಮೇಷ್ಟ್ರ ಖಾತೆಯನ್ನು ಮುರಿದು ನೋಡಿದ್ದು ನಿಜವಾದರೆ ಒಂದು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಯನ್ನು ಮತ್ತೆ ಎರಡು ಬಸ್ಸು ಹತ್ತಿಸಿ ಯಾರು ಕಳಿಸುತ್ತಾರೆ? ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸೌಭಾಗ್ಯಳಿಗೆ ಮಾತ್ರ ತನ್ನನ್ನು ಯಾಕೆ ಕರೆದಿದ್ದಾರೆ ಎಂಬುದೇ ಗೊತ್ತಿರಲಿಲ್ಲ.

ಪ್ರಾಧ್ಯಾಪಕರು ಮೆತ್ತಗೆ ಕೇಳಿದರು. "ಪಾಸ್‌ವರ್ಡ್ ಒಡದೆ ಅಂತ ನೀನಽ ಹೇಳೀಯಲ್ಲವಾ, ತಂಗಿ?"

"ಊಂ ಸಾ. ಒಡ್ದೆ."

"ಹಂಗಾರ ಖರೇನ?"

"ಒಡೀದೆ ಎಂಗೆ ಸಾ ಓಪನ್ ಆಯ್ತದ?" ಎಂದಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ಪ್ರಿನ್ಸಿಪಾಲರೂ ಪ್ರಾಧ್ಯಾಪಕರೂ ಮುಖ ಮುಖ ನೋಡಿಕೊಂಡರು. ಅಪರಾಧವನ್ನು ಇಷ್ಟು ಸರಾಗವಾಗಿ ಒಪ್ಪಿಕೊಂಡವರನ್ನು ಅವರು ಕಂಡಿರಲಿಕ್ಕಿಲ್ಲ.

"ನಿನಗೆ ಯಾರು ಹೇಳಿದ್ದು ಹಾಗೆ ಮಾಡಲಿಕ್ಕೆ?" ಪ್ರಿನ್ಸಿಪಾಲರ ದನಿ ಏರಿತು.

ಆಗ ಅವಳಿಗೆ ಏನೋ ಸರಿಯಿಲ್ಲ ಎನ್ನಿಸಿತು. ನನ್ನ ಕಡೆ ತಿರುಗಿದಳು. "ಸಾರೇ ಯೋಳಿದ್ರು. ಬಾಗ್ಲಲ್ಲಿ ನಿಂತ್ಕಂಡು. ಟೇಬ್ಲು ಕೆಳ್ಗ ಬರ್ದದ ಅಂದ್ರು. ಅಲ್ವಾ ಸಾ?"

ಮೂವರೂ ನನ್ನನ್ನು ನೋಡಿದರು. ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಫೈಲು, ಕಾರಿಡಾರು, ಆಫೀಸಿನ ಬಿಸಿಲು, ಎಲ್ಲ ಬಂದವು. ಬಾಗಿಲು ಬರಲಿಲ್ಲ. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ ಎಂದು ಉಳಿದ ಮೇಷ್ಟ್ರುಗಳಿಗೆ ಉಪದೇಶ ಮಾಡಿದವನು ನಾನೇ. ಹಾಗಿದ್ದೂ ನಾನು ಟೇಬಲ್ಲಿನ ಕೆಳಗೆ ಬರೆದಿದ್ದೆನೇ? ಇರಲಾರದು ಎನ್ನಿಸಿತು. ಆದರೆ ಇರಲಾರದು ಎನ್ನಿಸುವುದಕ್ಕೂ ಇಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ ಎಂಬುದೂ ನನಗೆ ಗೊತ್ತಿತ್ತು.

"ನೆನಪಿಲ್ಲ" ಎಂದೆ.

"ಹೇಳಿದ್ದೀರಾ, ಇಲ್ಲವಾ?"

"ನಿಜವಾಗಿ ನೆನಪಿಲ್ಲ ಮೇಡಂ."

ಸೌಭಾಗ್ಯ ನನ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ. ನಾಗರತ್ನಳನ್ನು ಕೇಳಿ ಎಂದಳು. ಗೆಳತಿಯ ಮಾತು ಲೆಕ್ಕಕ್ಕಿಲ್ಲ ಎಂದರು ಪ್ರಿನ್ಸಿಪಾಲರು. ಕೊನೆಗೆ ಅಟೆಂಡರ್ ಸಿದ್ದರಾಜಣ್ಣನನ್ನು ಕರೆದು ಹೊಸ ಕೋಣೆಯ ಟೇಬಲ್ಲುಗಳನ್ನು ತಿರುಗಿಸಿ ತೋರಿಸಲು ಹೇಳಿದರು. ಎಲ್ಲರೂ ಹೋಗಿ ನಿಂತೆವು. ಆತ ಒಂದೊಂದನ್ನೇ ಬುಡಮೇಲು ಮಾಡಿದ. ಯಾವುದರ ಕೆಳಗೂ ಏನೂ ಬರೆದಿರಲಿಲ್ಲ. ಒಂದಕ್ಕೆ ಮಾತ್ರ ಯಾರೋ ಬಬಲ್‌ಗಮ್ ಅಂಟಿಸಿದ್ದರು.

"ಸೋಮವಾರ ನಿನ್ನ ತಾಯಿಯನ್ನೋ ತಂದೆಯನ್ನೋ ಕರೆದುಕೊಂಡು ಬಾ" ಎಂದರು ಪ್ರಿನ್ಸಿಪಾಲರು. ಅಂದು ಅಂತಿಮ ತೀರ್ಮಾನ. ಅಲ್ಲಿಯ ತನಕ ಪ್ರಾಧ್ಯಾಪಕರನ್ನೂ ಉಳಿಸಿಕೊಂಡರು.

ಆಮೇಲಿನ ಮೂರು ದಿನ ಆ ಕೋಣೆಯಲ್ಲಿ ಪಾಠ ಮಾಡುವುದು ಶಿಕ್ಷೆಯಾಯಿತು. ಯಾರೂ ಬಾಯಿ ಬಿಡಲಿಲ್ಲ. ಪ್ರಶ್ನೆ ಕೇಳಿದರೆ ಸೂರಿನ ಮೈಕು ನೋಡುತ್ತಿದ್ದರು. ಒಬ್ಬ ಉತ್ತರವನ್ನು ಚೀಟಿಯಲ್ಲಿ ಬರೆದು ನನ್ನ ಮುಂದೆ ಸರಿಸಿದ. ಟೇಬಲ್ಲುಗಳು ತಾವಾಗಿ ಮತ್ತೆ ಸಾಲಾದವು. ನಾನು ಅಷ್ಟು ಯೋಚಿಸಿ ಮಾಡಿಸಿದ ಕೋಣೆ ಹಳೆಯ ಕೋಣೆಗಿಂತ ಕಡೆಯಾಗಿತ್ತು. ಹಳೆಯದರಲ್ಲಿ ಕನಿಷ್ಠ ಹಿಂದಿನ ಬೆಂಚಿನವರು ಪಿಸುಗುಟ್ಟುತ್ತಿದ್ದರು. ಸೌಭಾಗ್ಯ ಬರಲೇ ಇಲ್ಲ.

ಬಾಗಿಲ ಬಳಿ ನಾನು ಆಡಿದ ಯಾವ ಮಾತೂ ಬರಹದಲ್ಲಿ ಇರಲಿಲ್ಲ. ಮೈಕು ಹಿಡಿದ ಮೂಲ ಧ್ವನಿಯನ್ನೇ ಕೇಳಿಬಿಡೋಣ ಎಂದು ಅದನ್ನು ಕೂರಿಸಿದ ಕಂಪನಿಯವರಿಗೆ ಫೋನ್ ಮಾಡಿದೆ. ಬರಹ ಮಾತ್ರ ನಿಮಗೆ ತಕ್ಷಣ ಸಿಗುವುದು ಸಾರ್, ಧ್ವನಿ ಬೇಕಾದರೆ ಪ್ರಿನ್ಸಿಪಾಲರ ಸಹಿಯ ಪತ್ರ ಕಳಿಸಿ, ಮೂರು ನಾಲ್ಕು ವಾರ ಆಗುತ್ತದೆ ಎಂದರು. ಪತ್ರ ಕಳಿಸಿದೆ. ಸೋಮವಾರಕ್ಕೆ ಅದರಿಂದ ಏನೂ ಉಪಯೋಗವಿರಲಿಲ್ಲ.

ಶುಕ್ರವಾರ ಸಂಜೆ ಆ ಕೋಣೆಯಲ್ಲಿ ಒಬ್ಬನೇ ಕೂತಿದ್ದೆ. ಬಾಗಿಲ ತನಕ ನಡೆದು, ನಿಂತು, ತಿರುಗಿ ನೋಡಿ, ಏನಾದರೂ ನೆನಪಿಗೆ ಬರುತ್ತದೆಯೇ ಎಂದು ನಾಲ್ಕೈದು ಸಲ ಪ್ರಯತ್ನಿಸಿದೆ. ನಾಲ್ಕನೆಯ ಸಲಕ್ಕೆ ಬಂದುಬಿಟ್ಟಿತು. ನಾನು ಹೇಳಿದ ಹಾಗೆ, ಅವಳು ತಲೆಯಾಡಿಸಿದ ಹಾಗೆ. ಆದರೆ ಅದು ನೆನಪೋ, ಅವಳು ಹೇಳಿದ್ದನ್ನು ಕೇಳಿದ ಮೇಲೆ ನಾನೇ ಕಟ್ಟಿಕೊಂಡ ಚಿತ್ರವೋ? ಇದನ್ನೇ ತಾನೇ ನಾನು ಪಾಠ ಮಾಡುವುದು. ನನ್ನನ್ನು ನಾನೇ ನಂಬಲಿಲ್ಲ.

ಆಗ ಸಿದ್ದರಾಜಣ್ಣ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ ಬಾಗಿಲಲ್ಲಿ ಇಣುಕಿದ.

"ಏನ್ ಸಾ, ಇನ್ನೂ ಇಲ್ಲೇ ಕುಂತಿದ್ದೀರಿ? ಬೆಲ್ ಒಡ್ದು ಅರ್ಧ ಗಂಟೆ ಆಯ್ತು."

"ಕೇಳಿಸಲಿಲ್ಲ ಕಣಣ್ಣ."

"ಅಯ್ಯೋ, ಜೋರಾಗೇ ಒಡ್ದೆ. ಆ ಕಡೆ ಬಸ್ ಸ್ಟಾಂಡ್ ಗಂಟ ಕೇಳ್ಸದ, ನಿಮ್ಗ ಕೇಳ್ಸಿಲ್ವ?"

ನಾನು ಎದ್ದು ಬ್ಯಾಗು ತೆಗೆದುಕೊಂಡೆ. ಎರಡು ಹೆಜ್ಜೆ ಇಟ್ಟವನು ಹಾಗೇ ನಿಂತೆ.

"ಏನಂದೆ ಅಣ್ಣ?"

"ಬಸ್ ಸ್ಟಾಂಡ್ ಗಂಟ ಕೇಳ್ಸ್ತು ಅಂದೆ."

"ಅದಲ್ಲ. ಬೆಲ್ಲನ್ನ ಏನು ಮಾಡಿದೆ?"

"ಒಡ್ದೆ." ಆತ ಗಾಬರಿಯಾದ. "ಯಾಕ್ ಸಾ, ಒಡೀಬಾರ್ದಿತ್ತಾ? ಟೈಮ್ ಆಗಿತ್ತಲ್ಲ!"

ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದೆ. ನಗು ಬಂತು, ನಾಚಿಕೆಯೂ ಬಂತು. ಬೆಲ್ ಹೊಡೆದೆ. ಫೋನ್ ಹೊಡೆದೆ. ಪಾಸ್‌ವರ್ಡ್ ಹೊಡೆದೆ. ನಮ್ಮ ಕಡೆ 'ಹ' ಎಲ್ಲಿದೆ? ಹಾಲು ಆಲು, ಹತ್ತು ಅತ್ತು, ಹೋಗು ಓಗು. ಹೊಡೆಯುವುದೂ ಒಡೆಯುವುದೂ ಒಂದೇ ಬಾಯಲ್ಲಿ ಒಂದೇ ಆಗಿ ಬರುತ್ತದೆ, ಕೇಳುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಅವಳು ಪಾಸ್‌ವರ್ಡನ್ನು ಬೆರಳಲ್ಲಿ ಹೊಡೆದಿದ್ದಳು, ಟೈಪು ಮಾಡಿದ್ದಳು, ಅಷ್ಟೇ. ಮೈಕು ಅದನ್ನು ಒಡೆಸಿಬಿಟ್ಟಿತ್ತು. ಎಲ್ಲ ಸಿಕ್ಕಿತು ಎಂದದ್ದು ಅವಳ ಅರಿಶಿನದ ಚಿತ್ರಗಳನ್ನು.

ಕರಾವಳಿಯವರಿಗೂ ಧಾರವಾಡದವರಿಗೂ ತಿಳಿಯಲಿಲ್ಲ ಎಂದರೆ ಸರಿ. ನಾನು ಕುದೇರಿನವನು. ಹದಿನೇಳು ವರ್ಷ ಹೊಲವನ್ನು ಒಲ ಎಂದೇ ಕರೆದವನು. ಮೈಸೂರಿನ ಹಾಸ್ಟೆಲ್ಲಿಗೆ ಸೇರಿದಾಗ ಉಳಿದವರು ನಕ್ಕರೆಂದು ರಾತ್ರಿ ಕಂಬಳಿಯೊಳಗೆ ಹ ಹ ಹ ಎಂದು ಅಭ್ಯಾಸ ಮಾಡಿದವನು. ಅಭ್ಯಾಸ ಅತಿಯಾಗಿ ಒಂದು ದಿನ ಮೆಸ್ಸಿನಲ್ಲಿ "ಸ್ವಲ್ಪ ಹನ್ನ ಹಾಕಿ" ಎಂದು ಕೇಳಿ, ವರ್ಷವೆಲ್ಲ 'ಹನ್ನ' ಎಂದೇ ಕರೆಸಿಕೊಂಡವನು. ಅಷ್ಟು ಕಷ್ಟಪಟ್ಟು ಸೇರಿಸಿಕೊಂಡ ಒಂದು ಅಕ್ಷರ ನನ್ನ ಕಿವಿಯನ್ನು ಮುಚ್ಚಿಬಿಟ್ಟಿತ್ತು. ವಿಚಾರಣೆಯಲ್ಲಿ ಅವಳು "ಒಡೀದೆ ಎಂಗೆ ಸಾ ಓಪನ್ ಆಯ್ತದ" ಎಂದಾಗ ನಾನು ಎರಡು ಅಡಿ ದೂರದಲ್ಲಿ ಕೂತಿದ್ದೆ.

ಆದರೆ ಅರ್ಧ ಕೆಲಸ ಉಳಿದಿತ್ತು. ಅವಳು ಒಡೆಯಲಿಲ್ಲ, ಹೊಡೆದಳು, ಸರಿ. ಹೊಡೆಯಲು ಪಾಸ್‌ವರ್ಡ್ ಸಿಕ್ಕಿದ್ದು ಎಲ್ಲಿಂದ? ನಾನು ತಲೆ ಎತ್ತಿ ಟೇಬಲ್ಲುಗಳನ್ನು ನೋಡಿದೆ. ಎಣಿಸಿದೆ. ಐದು.

"ಅಣ್ಣ, ಆರು ಇರಬೇಕಲ್ಲ?"

"ಒಂದು ಗುಂಡ್ಲುಪೇಟೆಗ ಓಗದ ಸಾ. ಗಾಲಿ ಮುರ್ದಿತ್ತು, ಕಂಪ್ಯೂಟ್ರ ಬ್ಯಾರೆ ಟೇಬ್ಲು ಮ್ಯಾಲ ಎತ್ತಿಟ್ಟೆ. ಎರಡು ವಾರ ಆಯ್ತು, ನಯಾಜ್ ಭಾಯಿ ಬಂದು ಆಟೋದಲ್ಲಿ ಆಕ್ಕೊಂಡು ಓದ್ರು."

"ಅವತ್ತು ಯಾಕೆ ಹೇಳಲಿಲ್ಲ?"

"ಯಾರ್ ಕೇಳುದ್ರು?" ಸಿದ್ದರಾಜಣ್ಣ ನನಗೇ ತಿರುಗಿಬಿದ್ದ. "ಇರೋ ಟೇಬ್ಲು ತಿರ್ಗಿಸು ಅಂದ್ರಿ, ತಿರ್ಗಿಸ್ದೆ. ಇಲ್ದೇ ಇರೋದ ಎಲ್ಲಿಂದ ತಿರ್ಗಿಸ್ಲಿ?"

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋದೆ. ದಾರಿಯುದ್ದಕ್ಕೂ ಚೆಂಡು ಹೂವಿನ ಹೊಲಗಳು ಅರಳಿ ನಿಂತಿದ್ದವು. ನಾನು ಒಂದನ್ನೂ ಸರಿಯಾಗಿ ನೋಡಲಿಲ್ಲ. ನಯಾಜ್ ಭಾಯಿಯ ಅಂಗಡಿ ಊಟಿ ರಸ್ತೆಯಿಂದ ಒಳಗೆ ಒಂದು ಓಣಿಯಲ್ಲಿದೆ. ಅವರ ತಂದೆಯ ಕಾಲದಿಂದ ಮರಗೆಲಸ. ನಾನು ಹೋದಾಗ ಟೇಬಲ್ಲು ಅಂಗಡಿಯ ಮುಂದೆ ಕಾಲು ಕಳಚಿಕೊಂಡು ಗೋಡೆಗೆ ಒರಗಿತ್ತು.

"ಬನ್ನಿ ಬನ್ನಿ ಸಾರ್, ನೀವೇ ಬಂದ್ರಾ? ನಿಮ್ಗೊಂದು ಮಾತು ಕೇಳ್ಬೇಕಿತ್ತು" ಎಂದರು ನಯಾಜ್ ಭಾಯಿ, ಸ್ಟೂಲು ಸರಿಸುತ್ತಾ. "ಟೇಬಲ್‌ಗೆ ಗಾಲಿ ಹಾಕಿಸಿದ್ರಿ. ಪ್ಲಗ್ಗು ಗೋಡೇಲಿ ಇಡಿಸಿದ್ರಿ. ಟೇಬಲ್ ಓಡಾಡ್ತದೆ, ಕರೆಂಟ್ ಓಡಾಡ್ತದಾ? ವೈರಿಗೆ ಸಿಕ್ಕೊಂಡೇ ಈ ಗಾಲಿ ಮುರಿದಿರೋದು. ಕಾಲೇಜ್ ಓದಿದೋರು ಹಿಂಗೆ ಮಾಡಬಹುದಾ?"

"ತಪ್ಪಾಯ್ತು ಭಾಯಿ. ಈ ಹಲಗೆಯ ಅಡಿಭಾಗ ನೋಡಬೇಕು."

"ಅಡಿಭಾಗ ನೋಡೋಕ್ಕೇನಿದೆ? ನೀರು ಕುಡಿದು ಉಬ್ಬಿಬಿಟ್ಟಿದೆ. ಅದನ್ನ ಬಿಸಾಕಿ ಹೊಸ ಪ್ಲೈವುಡ್ ಕೂರಿಸ್ತಿದ್ದೀನಿ. ನಿನ್ನೇನೇ ಮಾಡ್ಬೇಕಿತ್ತು, ಮದುವೆ ಮಂಚದ ಕೆಲಸ ಬಂತು, ಉಳಿದುಕೊಳ್ತು."

ಇಬ್ಬರೂ ಸೇರಿ ಹಲಗೆ ತಿರುಗಿಸಿದೆವು. ಮೂಲೆಯಲ್ಲಿ, ಕಪ್ಪು ಮಾರ್ಕರಿನಲ್ಲಿ, ಓರೆಯಾಗಿ, ಮಲಗಿಕೊಂಡು ಬರೆದವರ ಅಕ್ಷರದಲ್ಲಿ ಇತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ಊರಿನ ಹೆಸರು, ಮುಂದೆ ಮೂರು ಅಂಕಿ. ನಾನು ಏಳನ್ನು ಬರೆಯುವಾಗ ನಡುವೆ ಒಂದು ಗೆರೆ ಎಳೆಯುತ್ತೇನೆ. ಆ ಗೆರೆಯೂ ಇತ್ತು.

ಆಗ ನಿಧಾನಕ್ಕೆ ತಿಳಿಯಿತು. ಕಂಪ್ಯೂಟರು ಕೂರಿಸಿದ ದಿನ ವೈರು ಜೋಡಿಸಲು ನಾನೂ ಟೇಬಲ್ಲಿನ ಕೆಳಗೆ ನುಗ್ಗಿದ್ದೆ. ಒಂದು ಪಾಸ್‌ವರ್ಡ್ ಹೇಳಿ ಸಾರ್, ಮರೆಯದೇ ಇರೋದು, ನಿಮ್ಮೂರ ಹೆಸರೇ ಇಡಿ ಎಂದು ಕಂಪನಿಯವನು ಮೇಲಿನಿಂದ ಕೂಗಿದ್ದ. ಅಂಕಿ ಮರೆತೀತು ಎಂದು ಅಲ್ಲೇ ಗೀಚಿರಬೇಕು. 'ಇರಬೇಕು' ಎಂದೇ ಬರೆಯುತ್ತೇನೆ, ಗೀಚಿದ್ದು ಈಗಲೂ ನೆನಪಿಲ್ಲ. ನಾಲ್ಕು ದಿನದಲ್ಲಿ ಬೆರಳಿಗೆ ಅಭ್ಯಾಸವಾಯಿತು, ಬರೆದದ್ದು ತಲೆಯಿಂದ ಹೋಯಿತು.

"ಭಾಯಿ, ಈ ಹಲಗೆ ನನಗೆ ಬೇಕು."

"ಉಬ್ಬಿದ ಹಲಗೆ ಇಟ್ಟುಕೊಂಡು ಏನು ಮಾಡ್ತೀರಾ?"

"ಒಂದು ಹುಡುಗಿಯ ಪರೀಕ್ಷೆ ಇದರ ಮೇಲೆ ನಿಂತಿದೆ."

ನಯಾಜ್ ಭಾಯಿ ನನ್ನನ್ನೂ ಹಲಗೆಯನ್ನೂ ನೋಡಿದರು. ಅರ್ಥವಾಯಿತೋ ಇಲ್ಲವೋ, ಗೋಣಿಚೀಲ ಸುತ್ತಿ ಹಗ್ಗ ಬಿಗಿದು, ತಾವೇ ಬಸ್ ಸ್ಟಾಂಡಿನ ತನಕ ಹೊತ್ತು ತಂದರು. "ಅಕ್ಷರ ಉಜ್ಜಿಹೋಗದ ಹಾಗೆ ಒಳಮುಖ ಮಾಡಿ ಕಟ್ಟಿದ್ದೀನಿ" ಎಂದು ಕಂಡಕ್ಟರಿಗೂ ಹೇಳಿದರು.

ಸೋಮವಾರ ಕಾರಿಡಾರಿನಲ್ಲಿ ಸೌಭಾಗ್ಯ ತನ್ನವ್ವನ ಜೊತೆ ನಿಂತಿದ್ದಳು. ತಾಯಿಯ ಬೆರಳುಗಳಲ್ಲಿ ಅರಿಶಿನದ ಕಲೆ. ನನ್ನನ್ನು ಕಂಡು ಕೈ ಮುಗಿದರು.

"ನಮ್ಮುಡ್ಗಿ ಅದೇನೋ ಒಡ್ದಾಕ್ಬುಟ್ಟವ್ಳಂತಲ್ಲ ಸಾಮಿ, ಎಲ್ರೂ ಅಂತಾರ. ನನ್ ತಮ್ಮ ವೆಲ್ಡಿಂಗ್ ಮಾಡ್ತಾನ. ಎಂಗಿತ್ತೋ ಅಂಗೇ ಕೂಡ್ಸ್‌ಕೊಡ್ತಾನ. ಓದ ಮಾತ್ರ ಬುಡುಸ್‌ಬ್ಯಾಡಿ."

"ಏನೂ ಒಡೆದಿಲ್ಲ ಅಮ್ಮ" ಎಂದೆ. "ಬನ್ನಿ, ಒಳಗೆ ಕೂತುಕೊಳ್ಳಿ."

ವಿಚಾರಣೆಯನ್ನು ಹೊಸ ಕೋಣೆಯಲ್ಲೇ ಇಡಿ ಎಂದು ನಾನು ಮೊದಲೇ ಕೇಳಿಕೊಂಡಿದ್ದೆ. ಎಲ್ಲರೂ ಕೂತ ಮೇಲೆ ಮೈಕು ಚಾಲೂ ಮಾಡಿದೆ. ಆಡಿದ ಮಾತು ಬೋರ್ಡಿನ ಮೇಲೆ ಅಕ್ಷರವಾಗಿ ಬರುವಂತೆ ಮಾಡಿ ಸಿದ್ದರಾಜಣ್ಣನನ್ನು ಕರೆದೆ.

"ಇವತ್ತು ಬೆಳಿಗ್ಗೆಯಿಂದ ಏನೇನು ಕೆಲಸ ಮಾಡಿದೆ, ಹೇಳು ಅಣ್ಣ."

ತನ್ನ ಮೇಲೇ ಏನೋ ದೂರು ಬಂದಿದೆ ಎಂದುಕೊಂಡ ಆತ ಸೆಟೆದು ನಿಂತು ಒಪ್ಪಿಸಿದ. "ಬಂದ್ ತಕ್ಷಣ ಕಸ ಒಡ್ದೆ ಸಾ. ಅತ್ತು ಗಂಟ್ಗ ಬೆಲ್ ಒಡ್ದೆ. ಆಮೇಲ ಮೇಡಮ್ಮೋರ್ಗೆ ಫೋನ್ ಒಡ್ದೆ. ಯಾವ್ದೂ ಬಿಟ್ಟಿಲ್ಲ."

ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಮೂಡಿತು: "ಬಂದ ತಕ್ಷಣ ಕಸ ಒಡೆದೆ ಸರ್. ಅತ್ತು ಗಂಟೆಗೆ ಬೆಲ್ ಒಡೆದೆ. ಆಮೇಲೆ ಮೇಡಂ ಅವರಿಗೆ ಫೋನ್ ಒಡೆದೆ. ಯಾವುದನ್ನೂ ಬಿಟ್ಟಿಲ್ಲ."

ಧಾರವಾಡದ ಪ್ರಾಧ್ಯಾಪಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

"ಏನಪಾ ಇದು! ಅತ್ತು ಅತ್ತು ಗಂಟಿ ಒಡದಿಯೇನೋ?"

"ದಿನಾ ಒಡೀತೀನಿ ಸಾ" ಎಂದ ಸಿದ್ದರಾಜಣ್ಣ.

ಪ್ರಾಧ್ಯಾಪಕರು ಟೇಬಲ್ಲು ಕುಟ್ಟಿ ನಕ್ಕರು. ಪ್ರಿನ್ಸಿಪಾಲರಿಗೆ ಇನ್ನೂ ಅರ್ಥವಾಗಿರಲಿಲ್ಲ. ಹೊಡೆಯುವುದು, ಒಡೆಯುವುದು ಎಂದು ನಾನು ಬಿಡಿಸಿ ಹೇಳಿದೆ. ಆಮೇಲೆ ಗೋಣಿಚೀಲ ಬಿಚ್ಚಿ ಹಲಗೆಯನ್ನು ಅವರ ಮುಂದಿಟ್ಟೆ. ನನ್ನ ಹಾಜರಿ ಪುಸ್ತಕ ತೆರೆದು ಅದರಲ್ಲಿರುವ ಏಳನ್ನೂ ಹಲಗೆಯ ಮೇಲಿನ ಏಳನ್ನೂ ತೋರಿಸಿದೆ. "ಬರೆದವನು ನಾನು. ಹೇಳಿದವನೂ ನಾನೇ ಇರಬೇಕು. ಅವಳಿಗೆ ಶಿಕ್ಷೆ ಕೊಡುವುದಾದರೆ ಮೊದಲು ನನಗೆ ಕೊಡಿ" ಎಂದೆ. ಆ ದಿನ ಪ್ರಶ್ನೆಪತ್ರಿಕೆಯ ಕಡತವನ್ನು ಯಾರೂ ತೆರೆದಿಲ್ಲ ಎಂದು ಕಂಪ್ಯೂಟರಿನ ದಾಖಲೆಯೂ ತೋರಿಸಿತು. ಆ ದಾಖಲೆಯನ್ನು ಮೊದಲ ದಿನವೇ ನೋಡಬಹುದಿತ್ತು. ಅವಳೇ ಒಪ್ಪಿಕೊಂಡಳಲ್ಲ ಎಂದು ಯಾರೂ ನೋಡಿರಲಿಲ್ಲ.

ಪ್ರಿನ್ಸಿಪಾಲರು ಸೌಭಾಗ್ಯಳ ಮೇಲಿನ ದೂರಿನ ಹಾಳೆಯನ್ನು ಅಡ್ಡಕ್ಕೆ ಹರಿದರು. "ನಿನ್ನ ಅಂಕ ನಿನ್ನದೇ, ಮಗು. ನಾಳೆಯಿಂದ ತರಗತಿಗೆ ಬಾ" ಎಂದರು. ಪ್ರಾಧ್ಯಾಪಕರು ಎದ್ದು ನಿಂತು, "ತಪ್ಪಾತು ತಂಗಿ. ನಿನ್ನ ಮಾತು ತಿಳೀಲಾರದವರು ನಾವು, ಒಡದಾಕಿ ನೀ ಅಂದ್ವಿ" ಎಂದರು. ಅವಳವ್ವ ಮಾತ್ರ, "ಅಂಗಾರ ಏನೂ ಒಡ್ದೋಗಿಲ್ವಾ?" ಎಂದು ಕೋಣೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿ, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಎದೆಯ ಮೇಲೆ ಆರು ದಿನದಿಂದ ಕೂತಿದ್ದ ಭಾರ ಆಗಲೇ ಇಳಿದದ್ದು.

ಹೊರಗೆ ಬಂದ ಮೇಲೆ ಸೌಭಾಗ್ಯಳ ಹತ್ತಿರ ಹೋದೆ. "ಅವತ್ತು ನಾನು ನಿನ್ನ ಪರವಾಗಿ ಮಾತಾಡಬೇಕಿತ್ತು" ಎಂದೆ.

"ನೆನಪಿಲ್ಲ ಅಂದ್ರಲ್ಲ ಸಾ" ಎಂದಳು ಅವಳು. "ಇಲ್ಲ ಅನ್ಲಿಲ್ವಲ್ಲ. ಅದ್ಕೇ ನಾನೂ ಸುಮ್ನಿದ್ದೆ. ನೆನಪಾದ್ರ ಯೋಳ್ತಾರ ಅಂತ."

ಅಷ್ಟು ನಂಬಿಕೆ ನನ್ನ ನೆನಪಿನ ಮೇಲೆ ನನಗೂ ಇರಲಿಲ್ಲ, ಈಗಲೂ ಇಲ್ಲ.

ಈಗ ಆ ಮೈಕಿಗೆ ಬಾಗಿಲ ಪಕ್ಕದಲ್ಲೇ ಒಂದು ಸ್ವಿಚ್ಚು ಇದೆ. ಬೇಕೆಂದಾಗ ಹಾಕುತ್ತೇವೆ, ಬೇಡವೆಂದಾಗ ಆರಿಸುತ್ತೇವೆ. ತೀರ್ಮಾನ ಹುಡುಗರದ್ದು. ಬರಹ ಬಂದ ಮೇಲೆ ಅವರೇ ಓದಿ ತಿದ್ದುತ್ತಾರೆ. ಅದು ಈಗ ಪಾಠದ ಒಂದು ಭಾಗ, ನಗುವ ಭಾಗವೂ ಹೌದು. ಪ್ಲಗ್ಗುಗಳು ನೆಲಕ್ಕೆ ಬಂದಿವೆ. ನಯಾಜ್ ಭಾಯಿ ಹೇಳಿದ ಜಾಗದಲ್ಲೇ ಹಾಕಿಸಿದೆ. ಟೇಬಲ್ಲುಗಳು ಮತ್ತೆ ದುಂಡಗೆ ತಿರುಗಿವೆ. ಸೌಭಾಗ್ಯ ಎಂ.ಎ. ಮುಗಿಸಿ ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆ. ಉಬ್ಬಿದ ಹಲಗೆ ನನ್ನ ಮನೆಯ ಅಟ್ಟದ ಮೇಲಿದೆ. ಪಾಸ್‌ವರ್ಡ್ ಬದಲಿಸಿದ್ದೇನೆ.

ಬಾಗಿಲಲ್ಲಿ ನಿಂತು ನಾನು ಏನು ಹೇಳಿದೆ ಎಂಬುದು ಮಾತ್ರ ನನಗೆ ನೆನಪಾಗಲೇ ಇಲ್ಲ. ಆದರೆ ಎಲ್ಲ ಮುಗಿದು ಮೂರು ವಾರವಾದ ಮೇಲೆ ಕಂಪನಿಯವರು ಆ ದಿನದ ಧ್ವನಿ ಕಳಿಸಿದರು. ಒಬ್ಬನೇ ಕೂತು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಕುರ್ಚಿ ಎಳೆದಾಡುವ ಸದ್ದು, ಕರೆಂಟು ಬಂತೆಂದು ಹುಡುಗರ ಕೂಗು. ಅದರ ಹಿಂದೆ, ದೂರದಲ್ಲಿ, ಬಾಗಿಲ ಕಡೆಯಿಂದ ನನ್ನದೇ ದನಿ. ಮೈಕು ಅದನ್ನು ಅಕ್ಷರ ಮಾಡಲು ಹೋಗಿರಲಿಲ್ಲ. ಮೂರು ಸಲ ಹಿಂದಕ್ಕೆ ಹಾಕಿ ಕೇಳಿ ಖಚಿತ ಮಾಡಿಕೊಂಡೆ. ನಾನು ಅವಸರದಲ್ಲಿ ಆಡಿದ ಮಾತು ಇಷ್ಟು: "ಟೇಬ್ಲು ಕೆಳ್ಗ ಬರ್ದದ ನೋಡಮ್ಮಿ, ಒಡಿ."